ಫೋಟೋ ಹಂಚೋದಕ್ಕ ರೊಕ್ಕ ಕಟ್ಟಬೇಕಾ ಬ್ಯಾಡಾ, ನಾ ಹೆಂಗ ತೀರ್ಮಾನ ಮಾಡಿದೆ

ನಮ್ಮ ಗಂಗಾವತಿ ಕಡೆ ಫೋಟೋ ಕೆಲಸ ಮಾಡೋರು ನಾಕು ಮಂದಿ ಕೂಡಿದ್ರ ಈ ಮಾತು ಬಂದೇ ಬರ್ತೈತಿ, ಆನ್‌ಲೈನ್‌ನಾಗ ಫೋಟೋ ಇಡಾಕ ರೊಕ್ಕ ಕಟ್ಟಬೇಕೋ ಫ್ರೀ ಇದ್ದದ್ರಾಗ ನಡಸಬೇಕೋ ಅಂತ. ನಾ ಒಂದಕ್ಕ ಕಟ್ಟೀನಿ, ಇನ್ನೊಂದಕ್ಕ ಕಟ್ಟಿಲ್ಲ. ಯಾಕ ಅಂತ ಬರಿತೀನಿ, ಕರಟಗಿ ಸಿಂಧನೂರು ಕಡೆ ಗೆಳ್ಯಾರು ಭಾಳ ಸಲ ಕೇಳ್ಯಾರ.

ನಂದು ಸಣ್ಣ ಸ್ಟುಡಿಯೋ. ಮದ್ವಿ, ಕುಬಸ, ತೊಟ್ಟಿಲು, ಗೃಹಪ್ರವೇಶ, ನಡುವ ಪಾಸ್‌ಪೋರ್ಟ್ ಫೋಟೋ. ಬಿಡುವು ಸಿಕ್ಕಾಗ ಕ್ಯಾಮೆರಾ ತಗೊಂಡು ಇಟಗಿ, ಹಿರೇಬೆಣಕಲ್ಲು, ಸಾಣಾಪುರ ಅಂತ ಹೋಗ್ತೀನಿ, ಅದು ನನ್ನ ಖುಷಿಗೆ. ಮೊದಲು ಮದ್ವಿ ಫೋಟೋ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿ ಕೊಟ್ರ ಮುಗೀತಿತ್ತು. ಈಗ ಹುಡುಗನ ಅಣ್ಣ ಬೆಂಗಳೂರಾಗ, ಹುಡುಗಿ ಅತ್ತಿ ಪುಣೇದಾಗ, ಕಾಕಾ ದುಬೈದಾಗ, ಎಲ್ಲಾರೂ "ಲಿಂಕ್ ಕಳಸ್ರಿ ಅಣ್ಣಾ" ಅಂತಾರ.

ವಾಟ್ಸಾಪ್‌ನಾಗ ಕಳಸಿದ್ರ ಆಗಂಗಿಲ್ಲೇನು ಅಂತ ಕೇಳೋರಿಗೆ ನಾ ಅಂಗಡಿ ಕಂಪ್ಯೂಟರ್‌ನಾಗ ಒಂದು ಫೋಟೋ ಹಿಗ್ಗಿಸಿ ತೋರಸ್ತೀನಿ. ಒಂದೇ ಫೋಟೋ, ಎಡಕ್ಕ ಕ್ಯಾಮೆರಾದ್ದು, ಬಲಕ್ಕ ವಾಟ್ಸಾಪ್‌ನಾಗ ಮಾಮೂಲಿ ಫೋಟೋ ಅಂತ ಹೋಗಿ ಬಂದದ್ದು. ಎಡಕ್ಕ ಬಾಸಿಂಗದ ಮಣಿ ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ತಾವ, ಸೀರಿ ಅಂಚಿನ ಜರಿ ಎಳಿ ಎಣಿಸಬಹುದು. ಬಲಕ್ಕ ಮಣಿ ಎಲ್ಲಾ ಕೂಡಿ ಬೆಳ್ಳನ ಕಲಿ ಆಗಿರ್ತಾವ, ಜರಿ ಬರೇ ಹಳದಿ ಪಟ್ಟಿ. ಡಾಕ್ಯುಮೆಂಟ್ ಅಂತ ಕಳಸಿದ್ರ ಕುಗ್ಗಂಗಿಲ್ಲ ಖರೆ, ಆದ್ರ ಸಾವಿರ ಫೋಟೋ ಹಂಗ ಕಳಸಾಕ ಆಗತೈತೇನ್ರಿ.

ಲೆಕ್ಕ ಹಿಂಗೈತಿ ನೋಡ್ರಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಫೋಟೋ ಫೈಲ್ ಹತ್ತಿರ ಹತ್ತಿರ 10 ಎಂಬಿ. ಮದ್ವಿ ಒಂದರಾಗ ಅರಿಶಿಣದಿಂದ ಹಿಡದು ಹೆಣ್ಣೊಪ್ಪಿಸೋ ತನಕ ಒಂದೂವರೆ ಸಾವಿರ ಫೋಟೋ ಉಳಕೊಂಡ್ರ 15 ಜಿಬಿ. ಗೂಗಲ್ ಫ್ರೀ ಕೊಡೋದು ಅಷ್ಟೇ, ಅದ್ರಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿ. ಅಂದ್ರ ಒಂದೇ ಮದ್ವಿಗೆ ತುಂಬಿತು, ಅದ್ರ ಮ್ಯಾಲ ಜಾಗ ತುಂಬಿದ ಅಕೌಂಟಿಗೆ ಇ-ಮೇಲ್ ಸೈತ ಬರಂಗಿಲ್ಲ, ಬ್ಯಾಂಕಿನ ಇ-ಮೇಲ್, ಜಿಎಸ್‌ಟಿ ಇ-ಮೇಲ್ ಬರೋ ಅಕೌಂಟಿನಾಗ ಮಂದಿ ಮದ್ವಿ ಫೋಟೋ ತುಂಬೋದು ಬ್ಯಾಡ್ರಿ, ಸ್ಟುಡಿಯೋಕ್ಕಂತನ ಬ್ಯಾರೆ ಅಕೌಂಟ್ ಮಾಡ್ರಿ, ಇದನ್ನ ಮಾತ್ರ ಎಲ್ಲಾರಿಗೂ ಒತ್ತಿ ಹೇಳ್ತೀನಿ.

ಆಷಾಢದಾಗ ಮದ್ವಿ ಇರಂಗಿಲ್ಲಲ್ಲ, ಆವಾಗ ಅಂಗಡ್ಯಾಗ ಕುಂತು ಒಂದೊಂದು ಸೇವೆಯ ಷರತ್ತು ಓದಿದೆ. ಎಷ್ಟು ಜಾಗ ಕೊಡ್ತಾರ, ಎಷ್ಟು ರೊಕ್ಕ ಅನ್ನೋದು ಮೊದಲನೇ ಪುಟದಾಗ ದೊಡ್ಡ ಅಕ್ಷರದಾಗ ಇರತೈತಿ. ನಾ ಹುಡುಕಿದ್ದು ಬ್ಯಾರೆ: ನಾ ರೊಕ್ಕ ಕಟ್ಟೋದು ನಿಲ್ಲಿಸಿದ ದಿನ ನನ್ನ ಫೋಟೋ ಏನಾಗ್ತಾವ?

ಈ ಪ್ರಶ್ನೆ ಸುಮ್ನ ಬಂದಿಲ್ಲ. ಗೂಗಲ್‌ನವರ ಹಳೇ ಫೋಟೋ ಸೈಟ್ ಪಿಕಾಸಾ ವೆಬ್ ಆಲ್ಬಮ್ 2016ರಾಗ ಮುಚ್ಚಿತು. ಗೂಗಲ್ ಫೋಟೋಸ್ 2015ರಾಗ ಶುರುವಾದಾಗ ಸ್ವಲ್ಪ ಕುಗ್ಗಿಸಿದ ಫೋಟೋ ಎಷ್ಟು ಬೇಕಾದ್ರೂ ಫ್ರೀ ಅಂದಿತ್ತು, 2021ರ ಜೂನ್ 1ಕ್ಕ ಅದು ಮುಗೀತು. ಫೋಟೋ ಹಂಚೋ ಸೈಟ್ ಫ್ಲಿಕರ್ 2013ರಾಗ ಎಲ್ಲಾರಿಗೂ 1 ಟಿಬಿ (ಸುಮಾರು 1000 ಜಿಬಿ) ಫ್ರೀ ಕೊಟ್ಟಿತ್ತು, 2018ರಾಗ ಸ್ಮಗ್‌ಮಗ್ ಅನ್ನೋ ಇನ್ನೊಂದು ಫೋಟೋ ಸೈಟಿನವರು ಅದನ್ನ ಕೊಂಡ ಮ್ಯಾಲ ಫ್ರೀ ಅಕೌಂಟಿಗೆ 1000 ಫೋಟೋ ಅಷ್ಟೇ ಅಂದ್ರು, ಹೆಚ್ಚಿಗಿ ಇದ್ರ ಹಳೇವು ಮೊದಲು ಅಳಸ್ತೀವಿ ಅಂದ್ರು. ಫೋಟೋಬಕೆಟ್ ಅನ್ನೋ ಮತ್ತೊಂದು ಫೋಟೋ ಸೈಟ್ 2017ರಾಗ ಬ್ಯಾರೆ ವೆಬ್‌ಸೈಟ್‌ನಾಗ ಫೋಟೋ ತೋರಸಾಕ ವರ್ಷಕ್ಕ 399 ಡಾಲರ್ ಕೇಳ್ತು, ಕಟ್ಟದವರ ಫೋಟೋ ಇದ್ದ ಜಾಗದಾಗ ಬರೇ ನೋಟಿಸ್ ಕಾಣಾಕ ಹತ್ತಿತು. ಇವರನ್ನ ಬೈಯಾಕ ಹೇಳ್ತಿಲ್ಲ, ಕಂಪನಿ ನಡಸೋರಿಗೂ ಖರ್ಚು ಇರತೈತಿ. ಆದ್ರ ಹಳೇವು ಮೊದಲು ಹೋಗ್ತಾವ ಅನ್ನೋ ಮಾತು ಫೋಟೋ ತೆಗಿಯೋನಿಗೆ ಕರುಳಿಗೆ ತಾಗತೈತಿ, ಹಳೇವ ಅಲ್ಲೇನ್ರಿ ಬೇಕಾಗಿದ್ದು.

ಗೂಗಲ್‌ದು ಏನಂದ್ರ, ರೊಕ್ಕ ನಿಂತು ಜಾಗ ಮೀರಿದ್ರ ಹೊಸಾದು ಏರಂಗಿಲ್ಲ, ಎರಡು ವರ್ಷ ಹಂಗ ಬಿಟ್ರ ಇದ್ದದ್ದೂ ಅಳಸಬಹುದು. ಸ್ಮಗ್‌ಮಗ್‌ನಾಗ ಫ್ರೀ ಅನ್ನೋದ ಇಲ್ಲ.

ಮತ್ತ ರೊಕ್ಕ ನಾವು ಬೇಕಂತಲೇ ನಿಲ್ಲಸ್ತೀವಿ ಅಂತಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಐತಿ, ಕಾರ್ಡಿನಿಂದ ತಾನಾಗೇ ರೊಕ್ಕ ಹೋಗಬೇಕಂದ್ರ ಮೊದಲು ಓಟಿಪಿ ಹಾಕಿ ಒಪ್ಪಿಗಿ ಕೊಟ್ಟಿರಬೇಕು, ಪ್ರತಿ ಸಲ 24 ತಾಸು ಮೊದಲ ತಿಳಿಸಬೇಕು. ಭಾಳ ಚಲೋ ನಿಯಮ. ಆದ್ರ ಡಾಲರ್‌ನಾಗ ಬಿಲ್ ಮಾಡೋ ಎಷ್ಟೋ ಹೊರದೇಶದ ಸೇವೆಗೆ ಇದರಿಂದ ನಮ್ಮ ಕಾರ್ಡ್ ನಡೀದಂಗ ಆತು. ಕಾರ್ಡ್ ಅವಧಿ ಮುಗೀಬಹುದು, ನಾವೇ ಹಾಸಿಗಿ ಹಿಡಿಬಹುದು. ಅದಕ್ಕ ನಾ ರೊಕ್ಕ ಕಟ್ಟೋದು ನಿಂತ್ರೂ ನನ್ನ ಫೋಟೋ ಉಳಿಬೇಕು ಅನ್ನೋದನ್ನ ಹಿಡಕೊಂಡೆ.

ಹಂಗ ನೋಡಿದಾಗ ನನ್ನ ಫೋಟೋ ಎರಡು ಗುಂಪಾದ್ವು. ಗಿರಾಕಿ ಮದ್ವಿ ಫೋಟೋ ಆನ್‌ಲೈನ್‌ನಾಗ ಇರಬೇಕಾಗಿದ್ದು ಒಂದು ಮೂರು ತಿಂಗಳು ಅಷ್ಟೇ. ಅವರು ನೋಡಬೇಕು, ಆಲ್ಬಮ್‌ಗೆ ಬೇಕಾದ್ದು ಆರಸಬೇಕು, ಇಳಿಸಿಕೊಳ್ಳಬೇಕು. ಇದಕ್ಕ ರೊಕ್ಕ ಕಟ್ಟಿದೆ. ಗೂಗಲ್ ಒನ್ ಅಂತ ಗೂಗಲ್‌ನವರು ರೊಕ್ಕಕ್ಕ ಕೊಡೋ ಜಾಗ, 100 ಜಿಬಿ, ನಾ ತಗೊಂಡಾಗ ವರ್ಷಕ್ಕ 1300 ರೂಪಾಯಿ, ರೂಪಾಯಿದಾಗ ಬಿಲ್. ಒಂದು ಸೀಸನ್ನಿನ ಮದ್ವಿಗೆ ಹಂಚಿದ್ರ ಪೆನ್‌ಡ್ರೈವ್‌ಗಿಂತ ಕಡಿಮಿ ಬೀಳ್ತೈತಿ, ಮತ್ತ ಒಂದು ಮದ್ವಿ ಇಳಿಸಿದ ಮ್ಯಾಲ ಆ ಜಾಗ ಇನ್ನೊಂದಕ್ಕ ಬರ್ತೈತಿ. ನಾಳೆ ಬಂದಾದ್ರೂ ಏನೂ ಕಳಕೊಳ್ಳಂಗಿಲ್ಲ, ಯಾಕಂದ್ರ ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕ್‌ನಾಗ ಅದಾವ, ಒಂದು ಅಂಗಡ್ಯಾಗ, ಒಂದು ಮನ್ಯಾಗ.

ಕಟ್ಟೋಕಿಂತ ಮೊದಲು ಒಂದು ಫೋಲ್ಡರ್ ಏರಿಸಿ, ತಿರುಗಿ ಇಳಿಸಿ, ಫೈಲ್ ಸೈಜ್ ಹೋಲಿಸಿ ನೋಡಿದೆ. ಗೂಗಲ್ ಫೋಟೋಸ್‌ನಾಗ "ಸ್ಟೋರೇಜ್ ಸೇವರ್" ಇದ್ರ 16 ಮೆಗಾಪಿಕ್ಸೆಲ್‌ಗೆ ಕುಗ್ಗತೈತಿ, "ಒರಿಜಿನಲ್" ಇದ್ರ ಹೆಂಗಿತ್ತೋ ಹಂಗ ಬರ್ತೈತಿ. ಇದನ್ನ ನೋಡದ ಯಾರೂ ರೊಕ್ಕ ಕಟ್ಟಬ್ಯಾಡ್ರಿ.

ಇನ್ನೊಂದು, ಒಬ್ರು ಹುಡುಗಿ ತಂದಿ ಕೇಳಿದ್ರು, "ಏನಪಾ, ನಮ್ಮ ಹುಡುಗಿ ಫೋಟೋ ಈ ಲಿಂಕಿನಾಗ ಯಾರ್ಯಾರು ನೋಡ್ತಾರ?" ಅಂತ. ನ್ಯಾಯವಾದ ಪ್ರಶ್ನೆ. ಲಿಂಕ್ ಇದ್ದೋರೆಲ್ಲಾ ನೋಡಬಹುದು, ಒಂದು ಗ್ರೂಪಿಗೆ ಬಿದ್ರ ಎಲ್ಲಿ ಹೋಗತೈತೋ ಗೊತ್ತಾಗಂಗಿಲ್ಲ. ಅವತ್ತಿಂದ ಎರಡೂ ಮನಿಯವರ ಜಿಮೇಲ್ ತಗೊಂಡು ಅವರಿಗಷ್ಟೇ ಡ್ರೈವ್ ಫೋಲ್ಡರ್ ತೆಗದು ಕೊಡ್ತೀನಿ, ಎಲ್ಲಾರಿಗೂ ಹೋಗೋ ಲಿಂಕ್ ಬೇಕಂದ್ರ ಅವರೇ ಆರಿಸಿದ ಒಂದಿಷ್ಟು ಫೋಟೋಕ್ಕ ಮಾತ್ರ. ಮುಯ್ಯಿ ಕೊಡೋದು, ಸುರಗಿ ನೀರು ಹಾಕೋದು ಇಂಥಾ ಮನಿ ಒಳಗಿನ ಫೋಟೋ ಅದ್ರಾಗ ಹಾಕಂಗಿಲ್ಲ.

ಎರಡನೇ ಗುಂಪು ನನ್ನ ಸ್ವಂತದ್ದು. ಇಟಗಿ ಮಹಾದೇವ ಗುಡಿ 1112ರದ್ದು, ಶಾಸನದಾಗ ಅದಕ್ಕ ದೇವಾಲಯ ಚಕ್ರವರ್ತಿ ಅಂತ ಕರದಾರ. ಅದರ ಕಂಬದ ಮ್ಯಾಲ ಸಂಜಿ ಬಿಸಲು ಬೀಳೋದು, ಹಿರೇಬೆಣಕಲ್ಲಿನ ಗುಡ್ಡದ ಮ್ಯಾಲ ಸಾಲಾಗಿ ನಿಂತ ಬೃಹತ್ ಶಿಲಾಯುಗದ ಕಲ್ಲುಮನಿ, ಇವು ಯಾವಾಗಲೂ ಸಿಗಂಗ ಇರಬೇಕು, ಓದೋ ಹುಡುಗರಿಗೆ ಸಿಗಬೇಕು. ಇದಕ್ಕ ವರ್ಷಾ ವರ್ಷಾ ಬಾಡಿಗಿ ಕಟ್ಟೋದು ಸರಿ ಅನಸಲಿಲ್ಲ, ಬಾಡಿಗಿ ನಿಂತ್ರ ಒಂದಿನ ಹೋಗಬಹುದಲ್ಲ. ಗುಡಿ, ಕೋಟಿ, ಕಲ್ಲುಮನಿ ಚಲೋ ಬಂದಾವು ವಿಕಿಪೀಡಿಯಾದ ಫೋಟೋ ಇರೋ ವಿಕಿಮೀಡಿಯಾ ಕಾಮನ್ಸ್ ಅನ್ನೋ ಸೈಟಿಗೆ ಹಾಕ್ತೀನಿ, ರೊಕ್ಕ ಇಲ್ಲ, ನನ್ನ ಹೆಸರು ಹಾಕಿ ಯಾರು ಬೇಕಾದ್ರೂ ಬಳಸಬಹುದು, ವ್ಯಾಪಾರಕ್ಕೂ. ಅದನ್ನ ಒಪ್ಪಿದವರು ಮಾತ್ರ ಹಾಕ್ರಿ, ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳಾಕ ಬರಂಗಿಲ್ಲ. ಹಕ್ಕಿ, ಕೆರಿ, ಮೋಡ ಇಂಥವು ಫ್ಲಿಕರ್ ಫ್ರೀ ಅಕೌಂಟಿನಾಗ ಅದಾವ. 1000ದ ಮಿತಿ ನನಗ ಅನುಕೂಲಾನೇ ಆಗೈತಿ, ಹೊಸಾದು ಹಾಕೋ ಮುಂದ ಹಳೇದ್ರಾಗ ಯಾವುದು ಕಡಿಮಿ ಐತಿ ಅಂತ ನೋಡಿ ತಗಿತೀನಿ, ಉಳದದ್ದು ಗಟ್ಟಿ ಆಗ್ತಾ ಹೊಂಟೈತಿ. ತಗದದ್ದು ಹಾರ್ಡ್‌ಡಿಸ್ಕ್‌ನಾಗ ಇದ್ದ ಇರತೈತಿ.

ನಿಮ್ಮ ಕೆಲಸ ಬ್ಯಾರೆ ಇದ್ರ ಲೆಕ್ಕಾನೂ ಬ್ಯಾರೆ ಆಗಬಹುದು. ಬರೇ ಹಕ್ಕಿ ಫೋಟೋ ತೆಗದು ಸಾವಿರಗಟ್ಲೆ ಮಂದಿಗೆ ತೋರಸೋರಿಗೆ ಫ್ಲಿಕರ್ ಪ್ರೊ ಅನ್ನೋ ರೊಕ್ಕದ ಅಕೌಂಟಿಗೆ ಕಟ್ಟೋದು ಖರೇನ ಚಲೋ, ಅಲ್ಲಿ ನೋಡೋರೂ ಫೋಟೋ ತಿಳದೋರು.

ಸ್ಟುಡಿಯೋ ಅಕೌಂಟಿನ ಪಾಸ್‌ವರ್ಡ್ ನಮ್ಮ ಮನಿಯಾಕಿ ಹತ್ರ ಲೆಕ್ಕದ ಪುಸ್ತಕದಾಗ ಬರದೈತಿ. ವರ್ಷದ ರೊಕ್ಕ ಕಟ್ಟೋ ತಾರೀಖು ಅಂಗಡಿ ಕ್ಯಾಲೆಂಡರ್‌ನಾಗ ಗುರ್ತು ಹಾಕೀನಿ, ಅದರ ಹಿಂದಿನ ವಾರ ಇನ್ನೂ ಇಳಿಸಿಕೊಳ್ಳದ ಗಿರಾಕಿಗೆ ಫೋನ್ ಮಾಡಿ, ಅವರು ಇಳಿಸಿಕೊಂಡ ಮ್ಯಾಲ ಫೋಲ್ಡರ್ ಅಳಿಸಿ, ಆಮ್ಯಾಲ ಇನ್ನೊಂದು ವರ್ಷಕ್ಕ ಕಟ್ಟಬೇಕೋ ಬ್ಯಾಡೋ ನೋಡ್ತೀನಿ.