ಬಾಟಲಿ, ಫೋಮ್, ಹತ್ತರ ಎಣಿಕೆ: ಹೋಟೆಲ್ ಹುಡುಗರಿಗೆ ಸಿಪಿಆರ್ ಕಲಿಸಿದ್ದು

ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ನಮ್ಮವರ ಹೋಟೆಲ್‌ಗಳಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವುದನ್ನು ಕಲಿಸ್ತೇನೆ ಅಂದಾಗ, "ಅದು ಡಾಕ್ಟರ್ ಕೆಲಸ ಮಾರಾಯ್ರೆ, ದೋಸೆ ಹುಯ್ಯುವವರಿಗೆ ಯಾಕೆ?" ಅಂದವರೇ ಹೆಚ್ಚು. ಆ ಹುಡುಗರೇ ಈಗ ಎರಡು ನಿಮಿಷ ಲಯ ತಪ್ಪದೆ ಒತ್ತುತ್ತಾರೆ. ಹಿಟ್ಟು ನಾದಿದ ಕೈಗೆ ಬಲ ಕಲಿಸಬೇಕಿಲ್ಲ. ಮೊಣಕೈ ಮಡಚದೆ, ಭುಜವನ್ನು ಅಂಗೈ ನೇರಕ್ಕೆ ತಂದು ಮೈಭಾರ ಹಾಕುವುದಷ್ಟೇ ಪಾಠ.

ದೊಡ್ಡ ತಲೆನೋವು ಒತ್ತಿ ಕಲಿಯುವ ಗೊಂಬೆಯದು. ಅಂಗಡಿಯದಕ್ಕೆ ಸಾವಿರಗಟ್ಟಲೆ ಸುರಿಯಬೇಕು. ಬರೀ ಫೋಮ್ ದಿಂಬು ಒತ್ತಿದಷ್ಟೂ ಇಳಿಯಿತು, ಮೇಲೇಳಲಿಲ್ಲ. ಥರ್ಮಾಕೋಲ್ ಪುಡಿಯಾಯಿತು. ನೀರಿನ ಬಾಟಲಿ ತೆಳು, ನಾಲ್ಕೈದು ಜನ ಒತ್ತುವಷ್ಟರಲ್ಲಿ ಬಿರುಕು. ಬಾಳಿದ್ದು ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿ: ಖಾಲಿ ಮಾಡಿ, ಮುಚ್ಚಳ ಬಿಗಿದು, ಪ್ಲೈವುಡ್ ಮೇಲೆ ಅಡ್ಡ ಮಲಗಿಸಿ, ಮೇಲೊಂದು ಪದರ ಫೋಮ್, ಹಳೇ ಟೀ ಶರ್ಟ್. ಮುಚ್ಚಳ ಸಡಿಲಾದರೆ ಗಾಳಿ ಹೋಗಿ ಬಾಟಲಿ ಚಪ್ಪಟೆ. ಒಟ್ಟು ಖರ್ಚು 250–300 ರೂಪಾಯಿ ಇರಬಹುದು. ಐದು ಸೆಂ.ಮೀ. ಇಳಿದಾಗ ಟಕ್ ಅನ್ನಲು ಒಳಗೆ ಏನಿಟ್ಟಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ.

ಎಣಿಕೆಯಲ್ಲೂ ಒಂದು ತೊಡಕು. ಬೇಕಾದ ವೇಗ ನಿಮಿಷಕ್ಕೆ 100ರಿಂದ 120. ಹತ್ತರವರೆಗೆ ಸರಿ; ಹನ್ನೊಂದು, ಇಪ್ಪತ್ತೇಳು ಅನ್ನತೊಡಗಿದರೆ ನಾಲಿಗೆಯ ಜೊತೆ ಕೈಯೂ ನಿಧಾನ. ಹಾಗಾಗಿ ಒಂದರಿಂದ ಹತ್ತು, ಮತ್ತೆ ಒಂದರಿಂದ. ಗಣಪತಿ ಆರತಿಯ ತಾಳಕ್ಕೂ ಒತ್ತಿಸಿ ನೋಡಿದೆ. ಕೊನೆಗೆ ಓಟ ಕಿತ್ತು 120 ದಾಟುತ್ತದೆ, ಆಳ ಹೋಗುತ್ತದೆ. ಬಿಟ್ಟೆ.

ನಿಜವಾಗಿ ಎಡವುವುದು ಶುರು ಮಾಡುವಲ್ಲಿ. ಭುಜ ತಟ್ಟಿ ಕೂಗಿದರೂ ಓಗೊಡಲಿಲ್ಲ, ಎದೆ ಸಹಜವಾಗಿ ಏರಿಳಿಯುತ್ತಿಲ್ಲ ಅಂದರೆ ಹತ್ತು ಸೆಕೆಂಡ್ ಮೀರಿ ನೋಡುವಂತಿಲ್ಲ. ಆಗೊಮ್ಮೆ ಈಗೊಮ್ಮೆ ಬಾಯ್ತೆರೆದು ಗೊರ್ ಅನ್ನುವುದು ಉಸಿರಾಟವಲ್ಲ. "ಉಸಿರಿದೆ, ಬಿಡಿ" ಅಂತ ಕಾಯುವುದು ಅಲ್ಲೇ. ಹೃದಯ ನಿಂತ ಕ್ಷಣ ಕೈಕಾಲು ಅದುರುವುದೂ ಉಂಟು. ಫಿಟ್ಸ್ ಅಂದುಕೊಂಡು ಈರುಳ್ಳಿ ಮೂಸಿಸಲು ಓಡುತ್ತಾರೆ. ನಾಡಿ ಹುಡುಕುವುದನ್ನು ನಾನು ಕಲಿಸುವುದೇ ಇಲ್ಲ. ಒಬ್ಬ 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬ ಒತ್ತಲಿ. ಒಬ್ಬನೇ ಇದ್ದರೆ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು ಶುರು.

ಅಡುಗೆಮನೆಯ ನೆಲ ಎಣ್ಣೆ, ನೀರು, ಮೊಣಕಾಲು ಜಾರುತ್ತದೆ. ಪ್ಯಾಸೇಜಿಗೆ ಎಳೆದು ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಬೇಕು. ಎದೆಮೂಳೆಯ ಕೆಳಗಿನ ಅರ್ಧದಲ್ಲಿ ಅಂಗೈ ಬುಡ, ಐದರಿಂದ ಆರು ಸೆಂ.ಮೀ. ಆಳ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ. ಸುಸ್ತಾದವರು ಎದೆ ಮೇಲೆ ಒರಗಿಬಿಡುತ್ತಾರೆ, ಆಗ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಎರಡು ನಿಮಿಷಕ್ಕೆ ಆಳು ಬದಲು. ಮುಂದಿನವ ಮೊದಲೇ ಎದುರುಗಡೆ ಮಂಡಿಯೂರಿರಬೇಕು.

ಬಾಯಿಂದ ಉಸಿರು ಕೊಡದೆ ಬರೀ ಎದೆ ಒತ್ತಿದರೆ ಸಾಕು ಅನ್ನುವುದು ಹಠಾತ್ ಕುಸಿದ ದೊಡ್ಡವರಿಗೆ. ಜುಹು ಬೀಚಿನಲ್ಲೋ ಗೋವಾದ ಕಲಂಗುಟ್‌ನಲ್ಲೋ ನೀರಿನಿಂದ ಎಳೆದು ತಂದವರಿಗೆ, ಮಕ್ಕಳಿಗೆ ಉಸಿರನ್ನೂ ಕೊಡಬೇಕು. ಅದಕ್ಕೆ ಬೇರೆ ಕ್ಲಾಸ್. ಪಕ್ಕೆಲುಬು ಲಟಕ್ ಅಂದರೆ ಕೈ ಇಟ್ಟ ಜಾಗ ಸರಿಯಿದೆಯೇ ನೋಡಿ, ಒತ್ತುತ್ತಲೇ ಇರಿ.