ಮೌಂಟನ್ ಆ್ಯಶ್ ಮರವನ್ನು ಗುರುತಿಸಿ, ಎತ್ತರ ಅಳೆಯುವುದು ಹೇಗೆ?

ಮೆಲ್ಬರ್ನ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಮೂರು ತಿಂಗಳಿಗೆಂದು ಹೋದವರಿಗೆ ಎರಡನೇ ವಾರಕ್ಕೆಲ್ಲ ಬೇಜಾರು ಶುರುವಾಗುತ್ತದೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಸ್ಕೂಲಿಗೆ. ಅಂಥ ಒಂದು ದಿನಕ್ಕೆ ಈ ಲೇಖನ. ನೋಡಬೇಕಾದ್ದು ಒಂದು ನೀಲಗಿರಿ ಮರ.

"ನೀಲಗಿರಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಕೋಲಾರದಲ್ಲಿ ಇರಲಿಲ್ವಾ?" ಅಂದವರು ನಮ್ಮ ಮನೆಯಲ್ಲೇ ಇದ್ದಾರೆ. ನಿಜ, ನಮಗೆ ನೀಲಗಿರಿ ಅಂದರೆ ಸಾಲಾಗಿ ನೆಟ್ಟ, ಕೈಗೆ ಬಂದ ಕೂಡಲೇ ಕಡಿಯುವ, ಬೋರ್‌ವೆಲ್ ಬತ್ತಿಸಿದ ಅಪವಾದ ಹೊತ್ತ ಮರ. 2017ರಲ್ಲಿ ನಮ್ಮ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ಆದರೆ ನೀಲಗಿರಿಯಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಬಯಲುಸೀಮೆಗೆ ಬಂದಿದ್ದು ಬೆರಳೆಣಿಕೆಯಷ್ಟು. ಈಗ ಹೇಳುತ್ತಿರುವುದು ವಿಕ್ಟೋರಿಯಾ ಮತ್ತು ಟಾಸ್ಮೇನಿಯಾದ ಮಳೆ ಬೀಳುವ ಬೆಟ್ಟಗಳಲ್ಲಿ ತಾನಾಗೇ ಬೆಳೆಯುವ ಒಂದು ಜಾತಿ. ಅಲ್ಲಿನವರು ಮೌಂಟನ್ ಆ್ಯಶ್ ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಯೂಕಲಿಪ್ಟಸ್ ರೆಗ್ನಾನ್ಸ್, ಅಂದರೆ ಆಳುವ ನೀಲಗಿರಿ. ಫರ್ಡಿನಾಂಡ್ ಫಾನ್ ಮ್ಯುಲರ್ ಎಂಬ ಸಸ್ಯ ವಿಜ್ಞಾನಿ 1871ರಲ್ಲಿ ಇಟ್ಟ ಹೆಸರು.

ಹೋಗುವುದು ಸುಲಭ. ಊರಿನ ನಡುವಿನ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನಿಂದ ಬೆಲ್‌ಗ್ರೇವ್ ರೈಲು ಹಿಡಿದು ಕೊನೆಯ ಸ್ಟಾಪಿನಲ್ಲಿ ಇಳಿಯಿರಿ, ಒಂದು ಗಂಟೆ ಚಿಲ್ಲರೆ ಆಗುತ್ತದೆ. ಎಲ್ಲರೂ ಅಲ್ಲಿಂದ ಹೊರಡುವ ಪಫಿಂಗ್ ಬಿಲ್ಲಿ ಎಂಬ ಹಳೇ ಉಗಿಬಂಡಿ ಹತ್ತಲು ಓಡುತ್ತಾರೆ. ನೀವು ಶೆರ್‌ಬ್ರೂಕ್ ಕಾಡಿನ ಕಡೆ ನಡೆಯಿರಿ. ಡ್ಯಾಂಡೆನಾಂಗ್ ರೇಂಜಸ್ ನ್ಯಾಷನಲ್ ಪಾರ್ಕಿನ ಭಾಗ ಅದು. ಸ್ವೆಟರ್ ಇರಲಿ. ಮಳೆಯಾಗಿದ್ದರೆ ಜಿಗಣೆಯೂ ಇರುತ್ತದೆ, ಮಲೆನಾಡಿನವರಿಗೆ ಅದನ್ನೇನು ಬಿಡಿಸಿ ಹೇಳುವುದು.

ಮೊದಲು ತೊಗಟೆ ನೋಡಿ. ಬುಡದಿಂದ ಹತ್ತು ಹದಿನೈದು ಮೀಟರ್‌ವರೆಗೆ ಕಂದು ಬಣ್ಣದ ಒರಟು ನಾರು ತೊಗಟೆ, ಅಲ್ಲಿಂದ ಮೇಲೆ ನುಣ್ಣಗೆ, ಬೆಳ್ಳಗೆ ಅಥವಾ ಬೂದು ಬಣ್ಣ, ಮೊಣಕಾಲಿಗೆ ಸಾಕ್ಸ್ ಎಳೆದುಕೊಂಡ ಹಾಗೆ. ನುಣ್ಣಗಿನ ಭಾಗದಿಂದ ಸುಲಿದ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಕೊಂಬೆಗಳಿಗೆ ಜೋತುಬಿದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಅಕ್ಕಪಕ್ಕದಲ್ಲಿ ತುದಿಯ ಕೊಂಬೆಗಳವರೆಗೂ ಒರಟು ತೊಗಟೆಯೇ ಇರುವ ಮರ ಕಂಡರೆ ಅದು ಮೆಸ್‌ಮೇಟ್ ಎಂಬ ಇನ್ನೊಂದು ನೀಲಗಿರಿ. ಇನ್ನೂ ಎತ್ತರದ, ಹಿಮ ಬೀಳುವ ಬೆಟ್ಟಗಳಿಗೆ ಹೋದರೆ ಅರ್ಧ ಮರದವರೆಗೆ ಒರಟು ಇರುವ ಆಲ್ಪೈನ್ ಆ್ಯಶ್ ಸಿಗುತ್ತದೆ. ನಾನು ಮೊದಲ ಸಲ ಹೋದಾಗ ಅರ್ಧ ಗಂಟೆ ಮೆಸ್‌ಮೇಟನ್ನೇ ಫೋಟೊ ಹೊಡೆದುಕೊಂಡು ಬಂದಿದ್ದೆ.

ಆಮೇಲೆ ನೆಲ ನೋಡಿ. ಎಲೆಯೂ ಕಾಯಿಯೂ ಮೇಲೆಲ್ಲೋ ಇರುತ್ತವೆ, ಕೈಗೆ ಸಿಗುವುದು ಉದುರಿದ್ದು ಮಾತ್ರ. ಎಲೆಯ ಬುಡ ಓರೆಯಾಗಿರುತ್ತದೆ, ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ. ಎರಡೂ ಮುಖ ಒಂದೇ ಥರ ಹಸಿರು. ಗಾಳಿಗೆ ಮುರಿದು ಬಿದ್ದ ರೆಂಬೆ ಸಿಕ್ಕಿದರೆ ಅದೃಷ್ಟ: ಎಲೆಯ ಕಂಕುಳಲ್ಲಿ ಮೊಗ್ಗಿನ ಗೊಂಚಲು ಒಂದಲ್ಲ, ಎರಡಿರುತ್ತವೆ. ಈ ಜೋಡಿ ಗೊಂಚಲೇ ಒಳ್ಳೇ ಗುರುತು. ಕಾಯಿ ಒಂದು ಸೆಂಟಿಮೀಟರೂ ಇಲ್ಲ, ಪುಟ್ಟ ಬುಗುರಿ ಇದ್ದ ಹಾಗೆ. ಎಲೆ ಹಿಸುಕಿ ಮೂಸಿ ನೋಡಿ ಜಾತಿ ಹೇಳೋಕೆ ಹೋಗಬೇಡಿ, ಆಗಲ್ಲ. ನೋಡಿದ ಮೇಲೆ ಇದ್ದಲ್ಲೇ ಬಿಟ್ಟುಬಿಡಿ, ನ್ಯಾಷನಲ್ ಪಾರ್ಕಿನಿಂದ ಏನನ್ನೂ ತರುವ ಹಾಗಿಲ್ಲ.

ಇನ್ನು ಎತ್ತರ. ಟಾಸ್ಮೇನಿಯಾದಲ್ಲಿ 2008ರಲ್ಲಿ ಪತ್ತೆಯಾದ ಸೆಂಚುರಿಯನ್ ಎಂಬ ಇದೇ ಜಾತಿಯ ಮರ 100 ಮೀಟರ್ ಮುಟ್ಟಿದೆ. ಹೂ ಬಿಡುವ ಮರಗಳಲ್ಲಿ ಪ್ರಪಂಚದಲ್ಲೇ ಅತಿ ಎತ್ತರದವುಗಳ ಸಾಲಿನದು. ಶೆರ್‌ಬ್ರೂಕ್‌ನವು ಅಷ್ಟಿಲ್ಲ, ಆದರೂ ಕತ್ತು ನೋಯುತ್ತದೆ. ಅಳೆಯೋಕೆ ಒಂದು ಟೇಪು ಮತ್ತು ಕೋನ ತೋರಿಸುವ ಆ್ಯಪ್ ಇರುವ ಫೋನ್ ಸಾಕು.

ಊರಲ್ಲಿದ್ದಾಗಲೇ ತೆಂಗಿನ ಮರದ ಮೇಲೆ ಪ್ರಾಕ್ಟೀಸ್ ಮಾಡಿಕೊಳ್ಳಿ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ 45 ಡಿಗ್ರಿ. ಕೆಳಗಿನ ಅಂಚು ನೆಲಕ್ಕೆ ಸಮವಾಗಿರಲಿ, ಮಡಚಿದ ಓರೆ ಅಂಚಿನ ಗುಂಟ ನೋಡುತ್ತಾ ಮರದ ತುದಿ ನೇರ ಕಾಣುವವರೆಗೆ ಹಿಂದೆ ಹಿಂದೆ ಹೋಗಿ. ಅಲ್ಲಿಂದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ತೆಂಗಿಗೆ ಇದು ಚೆನ್ನಾಗಿ ನಡೆಯುತ್ತದೆ. ಮೌಂಟನ್ ಆ್ಯಶ್‌ಗೆ ನಡೆಯುವುದಿಲ್ಲ, ಯಾಕೆಂದರೆ ಎಪ್ಪತ್ತು ಮೀಟರ್ ಹಿಂದೆ ಹೋದರೆ ನಡುವೆ ಇನ್ನೂ ಇಪ್ಪತ್ತು ಮರ ನಿಂತಿರುತ್ತವೆ, ಬುಡವೂ ಕಾಣದು ತುದಿಯೂ ಕಾಣದು.

ಅದಕ್ಕೇ ಹತ್ತಿರದಿಂದ, ದೊಡ್ಡ ಕೋನದಲ್ಲಿ ಅಳೆಯಬೇಕು. ಕಾಲುದಾರಿ ಬಿಡದೆ, ಮರದ ಬುಡದ ಮಟ್ಟಕ್ಕೇ ಇರುವ ಜಾಗ ಹುಡುಕಿ 40 ಮೀಟರ್ ದೂರದಲ್ಲಿ ನಿಂತುಕೊಳ್ಳಿ. ಫೋನಿನ ಅಂಚಿನ ಗುಂಟ ತುದಿ ನೋಡಿ. 60 ಡಿಗ್ರಿ ತೋರಿಸಿತು ಅಂದುಕೊಳ್ಳಿ. ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ 60 ಒತ್ತಿದರೆ 1.73. ಅದನ್ನು 40ರಿಂದ ಗುಣಿಸಿದರೆ 69, ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿದರೆ 70ರ ಆಸುಪಾಸು. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನನ್ನು ಒಂದರ ಮೇಲೊಂದರಂತೆ ನಾಲ್ಕು ಸಲ ನಿಲ್ಲಿಸಿದಷ್ಟು! ಎಲ್ಲರೂ ತಪ್ಪುವುದು ಒಂದೇ ಕಡೆ. ನಮ್ಮ ಕಡೆಗೆ ಚಾಚಿದ ಕೊಂಬೆಯನ್ನೇ ತುದಿ ಅಂದುಕೊಂಡು ಕೋನ ತೆಗೆಯುತ್ತೇವೆ, ಮರ ಇರುವುದಕ್ಕಿಂತ ಎತ್ತರ ಬಂದುಬಿಡುತ್ತದೆ. ಎರಡು ಕಡೆಯಿಂದ ಅಳೆದು ನೋಡಿ, ಲೆಕ್ಕ ಕೂಡದಿದ್ದರೆ ಮೂರನೇ ಸಲ ಅಳೆಯಿರಿ.

ಅಳತೆ ಮುಗಿದ ಮೇಲೆ ಸುಮ್ನೆ ಒಂದು ಕಡೆ ಕೂತು ಸುತ್ತ ನೋಡಿ. ಆಳೆತ್ತರಕ್ಕಿಂತ ದೊಡ್ಡ ಜರೀಗಿಡಗಳು, ಅವುಗಳ ಮೇಲೆ ಈ ಕಂಬಗಳು. ಕಂಬಗಳ ದಪ್ಪ ಹೆಚ್ಚುಕಡಿಮೆ ಒಂದೇ ಇದ್ದರೆ ಅವೆಲ್ಲ ಒಂದೇ ವರ್ಷ ಹುಟ್ಟಿರುವ ಸಾಧ್ಯತೆ ಜಾಸ್ತಿ. ಕಾರಣ ಬೆಂಕಿ.

ನಮ್ಮ ಹೊಲದ ನೀಲಗಿರಿ ಕಡಿದರೂ ಬುಡದಿಂದ ಚಿಗುರುತ್ತದೆ, ಅಲ್ವಾ? ಬಹಳಷ್ಟು ನೀಲಗಿರಿಗಳು ಸುಟ್ಟರೂ ಚಿಗುರುತ್ತವೆ. ಇದಕ್ಕೆ ಆ ಶಕ್ತಿ ಇಲ್ಲ. ಜೋರು ಬೆಂಕಿ ಬಂದರೆ ಇಷ್ಟು ದೊಡ್ಡ ಮರ ನಿಂತಲ್ಲೇ ಸಾಯುತ್ತದೆ. ಸಾಯುವ ಹೊತ್ತಿಗೆ ಮೇಲಿನ ಕಾಯಿಗಳು ಬಿರಿದು ಬೀಜ ಬೂದಿಯ ಮೇಲೆ ಸುರಿಯುತ್ತದೆ, ನೆರಳು ಹೋಗಿ ಬಿಸಿಲು ಬಿದ್ದ ನೆಲದಲ್ಲಿ ಸಸಿಗಳು ಒತ್ತಾಗಿ ಏಳುತ್ತವೆ. ಆ್ಯಶ್ ಅನ್ನುವ ಹೆಸರು ಬೂದಿಯಿಂದ ಬಂದಿದ್ದಲ್ಲ, ಅದರ ಹಲಗೆ ಇಂಗ್ಲೆಂಡಿನ ಆ್ಯಶ್ ಮರದ ಥರ ಕಂಡಿತು ಅಂತ ವಲಸೆ ಬಂದವರು ಕರೆದಿದ್ದು. ಆದರೂ ಹೊಂದಿಕೊಂಡಿದೆ.

ತೊಂದರೆ ಏನೆಂದರೆ, ಸಸಿ ಬೆಳೆದು ಬೀಜ ಬಿಡೋಕೆ ಹದಿನೈದಿಪ್ಪತ್ತು ವರ್ಷ ಬೇಕು. ಅದರೊಳಗೆ ಇನ್ನೊಂದು ಬೆಂಕಿ ಬಿದ್ದರೆ ಬೀಜವೂ ಇಲ್ಲ, ಮರವೂ ಇಲ್ಲ, ಆ ಜಾಗವನ್ನು ಜಾಲಿಯ ಸಂಬಂಧಿ ವಾಟಲ್ ಗಿಡಗಳು ಹಿಡಿಯುತ್ತವೆ. 1939ರ ಜನವರಿಯ ಬ್ಲ್ಯಾಕ್ ಫ್ರೈಡೇ ಬೆಂಕಿಯಲ್ಲಿ ಇಲ್ಲಿನ ಬೆಟ್ಟಗಳಲ್ಲಿ ಅಪಾರ ಕಾಡು ಹೋಯಿತು. 2009ರ ಫೆಬ್ರವರಿಯಲ್ಲಿ ಮತ್ತೆ.

ನೀರಿನ ಲೆಕ್ಕ ಕೇಳಿದರೆ ಕೋಲಾರದವರಿಗೆ ನಗು ಬರಬಹುದು. ಮೆಲ್ಬರ್ನ್‌ನ ಕುಡಿಯುವ ನೀರಿನ ದೊಡ್ಡ ಪಾಲು ಈ ಜಾತಿಯ ನೀಲಗಿರಿ ಕಾಡುಗಳಿಂದಲೇ ಇಳಿದು ಬರುತ್ತದೆ. ಹಳೇ ಕಾಡು ನೀರು ಬಿಟ್ಟುಕೊಡುತ್ತದೆ. ಸುಟ್ಟು ಹೊಸದಾಗಿ ಎದ್ದ ಎಳೇ ಕಾಡು ಕುಡಿಯುತ್ತದೆ, ಇಪ್ಪತ್ತು ಮೂವತ್ತು ವರ್ಷದ ಹೊತ್ತಿಗೆ ಹೊಳೆಗೆ ಬರುವ ನೀರು ಅರ್ಧಕ್ಕೆ ಇಳಿಯಬಹುದು ಅಂತ ಅಲ್ಲಿನ ಜಲತಜ್ಞರು ಲೆಕ್ಕ ಹಾಕಿದ್ದಾರೆ. ನಾವು ಊರಲ್ಲಿ ಯಾವತ್ತೂ ಎಳೇ ಮರಗಳನ್ನೇ ಸಾಕಿ ಕಡಿದೆವಲ್ಲ, ಹಾಗಾದರೆ ಬೈಗುಳವೆಲ್ಲ ಮರಕ್ಕೇ ಯಾಕೆ ಅಂತ ನನಗೆ ಅಲ್ಲಿ ಕೂತಾಗ ಅನ್ನಿಸಿತು.

ಹಾಗಂತ ಮರದ ಬುಡದಲ್ಲೇ ಕೂರಬೇಡಿ. ನೀಲಗಿರಿಗೆ ಇದ್ದಕ್ಕಿದ್ದಂತೆ ಕೊಂಬೆ ಬೀಳಿಸುವ ಚಾಳಿ ಇದೆ, ಗಾಳಿ ಜೋರಿದ್ದ ದಿನ ಕಾಡಿನ ಕಡೆ ಹೋಗುವುದೇ ಬೇಡ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್‌ನಿಂದ ಫೆಬ್ರವರಿ, ಹೊರಡುವ ಮೊದಲು ಬೆಂಕಿ ಎಚ್ಚರಿಕೆ ನೋಡಿಕೊಳ್ಳಿ. ಅಪಾಯ ಜಾಸ್ತಿ ಇದ್ದರೆ ಪಾರ್ಕು ಮುಚ್ಚಿರುತ್ತದೆ. ದಾರಿಯಲ್ಲಿ ಒಂದೇ ಕಡೆಯಿಂದ ನಾಲ್ಕೈದು ಹಕ್ಕಿಗಳ ದನಿ ಕೇಳಿದರೆ ಸದ್ದಿಲ್ಲದೆ ನಿಲ್ಲಿ. ಅದು ಲೈರ್‌ಬರ್ಡ್ ಇರಬಹುದು, ಕಾಡಿನ ಹಕ್ಕಿಗಳನ್ನೆಲ್ಲ ಮಿಮಿಕ್ರಿ ಮಾಡುತ್ತದೆ. ಫೋನ್ ಸೈಲೆಂಟ್ ಮಾಡಿಡಿ, ಮಗಳು "ಅಮ್ಮ, ಎಲ್ಲಿದ್ದೀಯ?" ಅಂತ ಫೋನ್ ಮಾಡುವುದು ಸರಿಯಾಗಿ ಆಗಲೇ.