ಸಿಮ್ಯುಲೇಶನ್‌ನಲ್ಲಿ ಸರಿ, ಮೆಷಿನ್‌ನಲ್ಲಿ ಗೀರು

ಐದು ಅಕ್ಷದ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಮೆಷಿನ್) ಒಂದು ಲೋಹದ ಪೀಸ್‌ಗೆ ವಾಲಿದ ಗೋಡೆ ಕೊರೆಯುತ್ತಿದ್ದೆ. ಟೂಲ್ ಹೋಗುವ ದಾರಿ ಹಾಕಿಕೊಡುವ ಕ್ಯಾಮ್ ಸಾಫ್ಟ್‌ವೇರ್‌ನ ಸಿಮ್ಯುಲೇಶನ್‌ನಲ್ಲಿ ಎಲ್ಲಾ ಹಸಿರು. ಮೆಷಿನ್‌ನಲ್ಲಿ ಮಾತ್ರ ಅರ್ಧ ದಾರಿಗೆ ಟೇಬಲ್ ಗಿರ್ರನೆ 180 ಡಿಗ್ರಿ ತಿರುಗಿತು. ಟೂಲ್ ಇನ್ನೂ ಲೋಹದಲ್ಲೇ ಇತ್ತು! ಪೀಸ್ ಮೇಲೆ ಉದ್ದ ಗೀರು.

ಮೊದಲು ಟೂಲ್ ಉದ್ದದ ಆಫ್‌ಸೆಟ್ (ಮೆಷಿನ್‌ಗೆ ಕೊಡುವ ಟೂಲ್ ಉದ್ದದ ಅಳತೆ) ಮೇಲೆ ಅನುಮಾನಪಟ್ಟೆ. ಸುಮ್ನೆ ಅರ್ಧ ದಿನ ಹೋಯಿತು.

ಆಮೇಲೆ ಜಿ-ಕೋಡ್ (ಮೆಷಿನ್ ಓದುವ ಆಜ್ಞೆಗಳು) ತೆರೆದು ಸಾಲುಸಾಲಾಗಿ ನೋಡಿದೆ. ಓರೆ ಮಾಡುವ ಎ ಅಕ್ಷ ಮೈನಸ್ 20 ಡಿಗ್ರಿಯಿಂದ ಪ್ಲಸ್ 40ರವರೆಗೆ ಹೋಗಬೇಕಿತ್ತು. ನಮ್ಮ ಮೆಷಿನ್ ಮಿತಿ ಪ್ಲಸ್ 30. ಟೂಲ್‌ನ ಅದೇ ಓರೆಗೆ ಇನ್ನೊಂದು ದಾರಿಯೂ ಇರುತ್ತದೆ ಅಲ್ವಾ: ಟೇಬಲ್ ತಿರುಗಿಸುವ ಸಿ ಅಕ್ಷವನ್ನು 180 ತಿರುಗಿಸಿ, ಎ ಅಕ್ಷದ ಪ್ಲಸ್-ಮೈನಸ್ ಅದಲುಬದಲು ಮಾಡುವುದು. ಮಿತಿ ಮುಟ್ಟಿದ ಕೂಡಲೇ ಪೋಸ್ಟ್ ಪ್ರೊಸೆಸರ್ (ಕ್ಯಾಮ್‌ನ ದಾರಿಯನ್ನು ನಮ್ಮ ಮೆಷಿನ್‌ನ ಜಿ-ಕೋಡ್ ಮಾಡುವ ಪ್ರೋಗ್ರಾಂ) ಆ ದಾರಿಗೆ ಹಾರಿತ್ತು. ನಾನು ನೋಡಿದ ಸಿಮ್ಯುಲೇಶನ್ ಪೋಸ್ಟ್‌ಗಿಂತ ಮುಂಚಿನದು, ಅದಕ್ಕೆ ಇದೆಲ್ಲಾ ಗೊತ್ತೇ ಇಲ್ಲ.

ಶುರುವಿನಿಂದಲೇ ಎರಡನೇ ದಾರಿ ಹಿಡಿಸಿದೆ. ಎ ಅಕ್ಷ ಪ್ಲಸ್ 20ರಿಂದ ಮೈನಸ್ 40ಕ್ಕೆ ಸಲೀಸಾಗಿ ಹೋಯಿತು. ಗೀರಿಲ್ಲ.

ಈಗ ಹೊಸ ಮೆಷಿನ್ ನೋಡುವಾಗ ಟೂಲ್ ತಿರುಗಿಸುವ ಸ್ಪಿಂಡಲ್‌ನ ವೇಗಕ್ಕಿಂತ ಮೊದಲು ತಿರುಗುವ ಅಕ್ಷಗಳ ಮಿತಿ ಕೇಳುತ್ತೇನೆ. ಸಾಫ್ಟ್‌ವೇರ್ ಆದರೆ, ಪೋಸ್ಟ್ ಆದ ಜಿ-ಕೋಡನ್ನೇ ಟೂಲ್ ಹಿಡಿಯುವ ಹೋಲ್ಡರ್, ಪೀಸ್ ಹಿಡಿಯುವ ಫಿಕ್ಸ್ಚರ್, ಟೇಬಲ್ ಸಮೇತ ಓಡಿಸಿ ತೋರಿಸಲಿ. ಬಣ್ಣಬಣ್ಣದ ಡೆಮೊ ಬೇಡ.